ಮೊಳೆಯಿಂದ ಮೊಳೆಗೆ

ನನ್ನ ತಮ್ಮನ ಹೆಂಡತಿಯನ್ನು ಫ್ಯಾಕ್ಟರಿಯಲ್ಲಿ ಎಲ್ಲರೂ ಕ್ಯಾಲೆಂಡರ್ ಮೇಡಂ ಎನ್ನುತ್ತಾರೆ. ಎದುರಿಗೆ ಮೇಡಂ, ಬೆನ್ನ ಹಿಂದೆ ಕ್ಯಾಲೆಂಡರ್. ಅವಳ ಕೆಲಸವೇ ಅಂಥದ್ದು. ಯಾವ ಯಂತ್ರವನ್ನು ಯಾವಾಗ ನಿಲ್ಲಿಸಬೇಕು, ಬಿಚ್ಚಿ ಏನು ಬದಲಾಯಿಸಬೇಕು, ಅದಕ್ಕೆ ಎಷ್ಟು ಜನ ಬೇಕು, ಸ್ಟೋರಿನಲ್ಲಿ ಸಾಮಾನು ಇದೆಯೋ ಇಲ್ಲವೋ ಎಂದು ಮುಂಚೆಯೇ ಗೊತ್ತುಮಾಡಿ ಇಡುವುದು. ಚುಟುಕಾಗಿ ಹೇಳಿದರೆ, ಕೆಡುವ ಮೊದಲೇ ರಿಪೇರಿ ಮಾಡಿಸುವುದು. ನಾನು ಅದೇ ಫ್ಯಾಕ್ಟರಿಯ ಕ್ಯಾಂಟೀನಿನವಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವ ಗಾದೆಯನ್ನು ಕಸುಬಾಗಿ ಮಾಡಿಕೊಂಡಿರುವ ಜನಕ್ಕೆ ದಿನವೂ ಚಹಾ ಕೊಡುತ್ತೇನೆ. ಅಂಥವರ ನಡುವೆ ಇವಳಿಗೆ ಇಂಥ ಕೆಲಸ ಕೊಟ್ಟವರು ಯಾರೋ, ಅವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಮನೆಯಲ್ಲೂ ಅವಳು ಹಾಗೆಯೇ. ಗಂಡ ಹೋದ ಮೇಲೆ ನಾನು ತಮ್ಮನ ಮನೆಗೆ ಬಂದು ಸೇರಿಕೊಂಡೆ. ಬಂದ ವಾರವೇ ನೋಡಿದೆ, ಸೋರದ ನಲ್ಲಿಗೆ ವಾಷರ್ ಹಾಕುತ್ತಿದ್ದಾಳೆ. ಹರಿಯದ ಚಪ್ಪಲಿಯನ್ನು ಹೊಲಿಸಿಕೊಂಡು ಬರುತ್ತಾಳೆ. ನನ್ನ ಕನ್ನಡಕದ ತಿರುಪು ಸಡಿಲವಾಗಿದೆ ಎಂದು ನನ್ನ ಮೂಗಿನ ಮೇಲಿಂದಲೇ ಕನ್ನಡಕ ಕಿತ್ತುಕೊಂಡು ಬಿಗಿಮಾಡಿ ಮತ್ತೆ ಅಲ್ಲೇ ಕೂರಿಸುತ್ತಾಳೆ. "ನನ್ನ ಹಲ್ಲನ್ನೂ ಬೀಳೋ ಮೊದ್ಲೇ ಕಿತ್ತುಬಿಡಮ್ಮ" ಎಂದು ನಾನು ರೇಗಿಸಿದರೆ, ನನ್ನ ಬಾಯಿಯನ್ನೇ ಒಂದು ಗಳಿಗೆ ನೋಡಿ ಆಮೇಲೆ ನಗುತ್ತಿದ್ದಳು. ನಿಜವಾಗಿಯೂ ಯೋಚನೆ ಮಾಡಿದ್ದಳೋ ಏನೋ.

ಇದು ಅವಳಿಗೆ ಅಪ್ಪನಿಂದ ಬಂದದ್ದು. ಅಪ್ಪ ಊರಿಗೆ ನೀರು ಬಿಡುವ ಪಂಪ್‌ಹೌಸಿನಲ್ಲಿದ್ದವರು. ನೀರು ಬಂದ ದಿನ ಯಾರಿಗೂ ಅವರ ನೆನಪಾಗುತ್ತಿರಲಿಲ್ಲ, ಬರದ ದಿನ ಊರವರೆಲ್ಲ ಕೊಡ ಹಿಡಿದು ಮನೆ ಮುಂದೆ ನಿಲ್ಲುತ್ತಿದ್ದರು. "ನಮ್ಮಪ್ಪನ್ನ ಜನ ಬೈದಿದ್ದು ಮಾತ್ರ ನಾನು ಕೇಳಿದ್ದೀನಿ ಅಕ್ಕಾ" ಎಂದು ಒಮ್ಮೆ ಹೇಳಿದ್ದಳು. ನಾನು ಅವಳ ಗಂಡನ ಅಕ್ಕ, ಆದರೆ ಫ್ಯಾಕ್ಟರಿಗೆಲ್ಲ ನಾನು ಅಕ್ಕನೇ ಆದ್ದರಿಂದ ಅವಳಿಗೂ ಹಾಗೆಯೇ ರೂಢಿಯಾಯಿತು.

ಇನ್ನು ನನ್ನ ತಮ್ಮ. ಅವನನ್ನು ಹುಲಿ ಎನ್ನುತ್ತಾರೆ. ಅವನು ಫಿಟ್ಟರ್. ಯಂತ್ರ ಕೆಟ್ಟು ನಿಂತಾಗ, ನಿಲ್ಲುವ ಹಾಗೆ ಆದಾಗ, ಮೊದಲು ಕೂಗುವುದು ಅವನನ್ನೇ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಯಂತ್ರಕ್ಕೆ ತಾಗಿಸಿ ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದನೆಂದರೆ ಸುತ್ತ ನಿಂತವರು ಉಸಿರು ಬಿಗಿಹಿಡಿಯುತ್ತಾರೆ. ಆಮೇಲೆ ಒಳಗೆ ನುಗ್ಗುತ್ತಾನೆ. ಹೊರಗೆ ಬಂದಾಗ ಮೈಯೆಲ್ಲ ಮಸಿ, ಹಲ್ಲು ಮಾತ್ರ ಬಿಳಿ. ಹೆಗಲ ಮೇಲೆ ಕೈಹಾಕಿಕೊಂಡು ಕ್ಯಾಂಟೀನಿಗೆ ಕರೆತರುತ್ತಾರೆ. "ಅಕ್ಕಾ, ಹುಲಿಗೆ ಒಂದು ಸ್ಪೆಷಲ್ ಹಾಕು!" ಎನ್ನುವಾಗ ನನಗೂ ಎದೆ ಉಬ್ಬುತ್ತಿತ್ತು. ಸುಳ್ಳೇಕೆ ಹೇಳಲಿ.

ಈಗ ಯೋಚಿಸಿ. ಹೆಂಡತಿ ಕೆಡದ ಹಾಗೆ ನೋಡಿಕೊಳ್ಳುವವಳು, ಗಂಡ ಕೆಟ್ಟದ್ದನ್ನು ಸರಿಮಾಡಿ ಹೆಸರು ಗಳಿಸಿದವನು. ಅವಳು ಗೆದ್ದರೆ ಅವನಿಗೆ ಕೆಲಸವಿಲ್ಲ. ಅವಳಿಗಂತೂ ಗೆಲ್ಲುವ ಯೋಗವೇ ಇರಲಿಲ್ಲ, ಆದ್ದರಿಂದ ಸಂಸಾರ ಚೆನ್ನಾಗಿಯೇ ನಡೆಯುತ್ತಿತ್ತು. "ನನ್ನನ್ನ ಇಷ್ಟು ಚೆನ್ನಾಗಿ ಬೈಯೋರು ಇನ್ಯಾರೂ ಸಿಗಲ್ಲ ಅಂತ ಮದ್ವೆ ಆದೆ" ಎಂದು ಅವನು ಎಲ್ಲರ ಮುಂದೆ ಹೇಳುತ್ತಿದ್ದ, ಅವಳು ಹುಸಿಕೋಪದಿಂದ ತಿರುಗಿಕೊಳ್ಳುತ್ತಿದ್ದಳು.

ಅವಳ ಆಫೀಸೆಂದರೆ ವರ್ಕ್‌ಶಾಪಿನ ಮೂಲೆಯಲ್ಲಿ ಗಾಜು ಕೂರಿಸಿದ ಒಂದು ಗೂಡು. ಬೆಳಗಿನ ಮೀಟಿಂಗ್ ಅಲ್ಲೇ ನಡೆಯುತ್ತದೆ, ಚಹಾದ ತಟ್ಟೆ ಹಿಡಿದು ನಾನೂ ಹೋಗುತ್ತೇನೆ. ಗೋಡೆಯ ಮೇಲೆ ಹಸಿರು ಹಲಗೆ. ಒಂದೊಂದು ಯಂತ್ರಕ್ಕೆ ಒಂದೊಂದು ಸಾಲು, ಒಂದೊಂದು ವಾರಕ್ಕೆ ಒಂದೊಂದು ಮೊಳೆ. ಮಾಡಬೇಕಾದ ಕೆಲಸವನ್ನು ತಗಡಿನ ಬಿಲ್ಲೆಯ ಮೇಲೆ ಬರೆದು ಆ ವಾರದ ಮೊಳೆಗೆ ನೇತುಹಾಕುತ್ತಾಳೆ. ಕೆಲಸ ಮುಗಿದರೆ ಬಿಲ್ಲೆ ಡಬ್ಬಿಗೆ ಬೀಳುತ್ತದೆ. ಆಗದಿದ್ದರೆ ಮುಂದಿನ ವಾರದ ಮೊಳೆಗೆ ಹೋಗುತ್ತದೆ. ಇಲ್ಲಿ ಅವಳದೊಂದು ಹಟವಿತ್ತು. ಬಿಲ್ಲೆಯನ್ನು ಮುಂದಿನ ಮೊಳೆಗೆ ತಾನು ಹಾಕುತ್ತಿರಲಿಲ್ಲ. "ನೇತುಹಾಕೋದು ನನ್ನ ಕೆಲ್ಸ. ಮುಂದಕ್ಕೆ ಹಾಕೋರು ತಮ್ಮ ಕೈಯಾರೆ ಹಾಕ್ಬೇಕು. ನಾನು ಮುಟ್ಟಿದ್ರೆ ನಾನೂ ಒಪ್ಪಿದ ಹಾಗಾಗುತ್ತೆ" ಎನ್ನುತ್ತಿದ್ದಳು. ಅವಳಿಗಿದ್ದ ಅಧಿಕಾರ ಅಷ್ಟೇ. ಮ್ಯಾನೇಜರ್ ಸಾಹೇಬರು ಕುರ್ಚಿಯಿಂದ ಏಳಬೇಕು, ಹಲಗೆಯವರೆಗೆ ನಡೆಯಬೇಕು, ಬಿಲ್ಲೆ ತೆಗೆದು ಪಕ್ಕದ ಮೊಳೆಗೆ ಹಾಕಬೇಕು. ಅಷ್ಟು ಹೊತ್ತು ಅವಳು ಅವರನ್ನೇ ನೋಡುತ್ತಾ ಸುಮ್ಮನೆ ನಿಂತಿರುತ್ತಿದ್ದಳು.

ಸಾಹೇಬರಿಗೂ ಒಂದು ಅಡ್ಡಹೆಸರಿದೆ, ಸದ್ಯಕ್ಕೆ ಸಾಹೇಬರು. "ಸದ್ಯಕ್ಕೆ ಓಡ್ಲಿ ಮೇಡಂ, ಮುಂದಿನ ವಾರ ನೋಡೋಣ" ಎನ್ನದೆ ಅವರ ಮೀಟಿಂಗ್ ಮುಗಿಯುವುದಿಲ್ಲ. ಕೆಟ್ಟ ಮನುಷ್ಯರಲ್ಲ. ಮೇಲಿನ ಆಫೀಸಿನಿಂದ ಫೋನು ಬಂದಾಗ ಅವರು ಚಹಾದ ಲೋಟ ಬಿಟ್ಟು ಎದ್ದು ನಿಂತು ಮಾತಾಡುವುದನ್ನು ನಾನೇ ನೋಡಿದ್ದೇನೆ. ಗೇಟಿನಲ್ಲಿ ಲಾರಿಗಳು ಸಾಲಾಗಿ ನಿಂತಿರುತ್ತವೆ. ಯಂತ್ರ ನಿಂತರೆ ಮೊದಲು ಬೈಸಿಕೊಳ್ಳುವವರು ಅವರೇ. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ಅವರ ಪಾಡು ಹಾಗೆ. ಆದರೆ ಪಾಪ ಎನ್ನಲು ನನಗೆ ಬಾಯಿ ಬರುವುದಿಲ್ಲ.

ನಮ್ಮದು ಕಾಗದದ ಫ್ಯಾಕ್ಟರಿ. ಒದ್ದೆ ಹಾಳೆ ಒಂದು ತುದಿಯಲ್ಲಿ ಹೊಕ್ಕು, ಬಿಸಿ ರೋಲರುಗಳ ಸಾಲಿನಲ್ಲಿ ಒಂದರ ಮೇಲೆ ಇನ್ನೊಂದರ ಕೆಳಗೆ ಹಾದು, ಒಣಗಿ ಇನ್ನೊಂದು ತುದಿಯಲ್ಲಿ ಸುತ್ತಿಕೊಳ್ಳುತ್ತದೆ. ಏಳನೇ ರೋಲರಿನ ಹಿಂಬದಿಯ ಬೇರಿಂಗಿಗೆ ಎಣ್ಣೆ ಹೋಗುವ ಕೊಳವೆ ಒಳಗೆಲ್ಲೋ ಕಟ್ಟಿಕೊಂಡಿತ್ತು. ಅದನ್ನು ಬಿಚ್ಚಬೇಕಾದರೆ ಯಂತ್ರ ನಿಲ್ಲಬೇಕು, ಆರಬೇಕು. ಒಂದು ಪಾಳಿಯ ಕೆಲಸ. ಹೊಸ ಬೇರಿಂಗ್ ಸ್ಟೋರಿನಲ್ಲಿ ಬಂದು ಕೂತಿತ್ತು, ಜನ ಗೊತ್ತಾಗಿದ್ದರು, ಬಿಲ್ಲೆ ಮೊಳೆಯ ಮೇಲಿತ್ತು. ಸಾಹೇಬರು ಎದ್ದರು, ಪಕ್ಕದ ಮೊಳೆಗೆ ಹಾಕಿದರು. ಮುಂದಿನ ವಾರವೂ ಅಷ್ಟೇ, ಅದರ ಮುಂದಿನ ವಾರವೂ ಅಷ್ಟೇ. ಕೊನೆಗೆ ಆ ಬಿಲ್ಲೆಯ ತೂತು ಸವೆದು ಉದ್ದವಾಗಿಬಿಟ್ಟಿತ್ತು.

"ಬೇರಿಂಗ್ ಕಾದು ಬಿಸಿಯಾಗ್ತಾ ಇದೆ ಸಾರ್" ಎಂದು ಅವಳು ಹೇಳಿದರೆ, ಸಾಹೇಬರ ಉತ್ತರ ಒಂದೇ. "ಹುಲಿ ಇದ್ದಾನಲ್ಲ ಮೇಡಂ. ನಿಮ್ಮನೇಲೇ ಇದ್ದಾನೆ, ನಿಮಗ್ಯಾಕೆ ಚಿಂತೆ?"

ಎಲ್ಲರೂ ನಗುತ್ತಿದ್ದರು. ಅವಳಿಗೆ ಚಿಂತೆ ಇದ್ದದ್ದೇ ಅದಕ್ಕೆ. ಕೊಳವೆ ಕಟ್ಟಿಕೊಂಡಿದ್ದರಿಂದ ಆ ಬೇರಿಂಗಿಗೆ ದಿನವೂ ಯಾರಾದರೂ ಕೈಯಿಂದಲೇ ಎಣ್ಣೆ ಕುಡಿಸಬೇಕಿತ್ತು, ಸಡಿಲವಾಗುವ ಬೋಲ್ಟುಗಳನ್ನು ಬಿಗಿಮಾಡಬೇಕಿತ್ತು, ಅದೂ ಯಂತ್ರ ಓಡುತ್ತಿರುವಾಗ. ತಿರುಗುವ ಎರಡು ರೋಲರುಗಳ ನಡುವೆ ಹಿಂಬದಿಯಿಂದ ತೆವಳಿಕೊಂಡು ಹೋಗಿ, ಒಂದು ಕೈ ಚಾಚಿ ಮಾಡುವ ಕೆಲಸ. ಅದನ್ನು ಮಾಡುತ್ತಿದ್ದವನು ಹುಲಿ. ಅಂದರೆ ಅವಳ ಬಿಲ್ಲೆ ಒಂದು ಮೊಳೆ ಮುಂದಕ್ಕೆ ಹೋದಾಗಲೆಲ್ಲ ಅವಳ ಗಂಡ ಇನ್ನೂ ಒಂದು ವಾರ ಆ ಸಂದಿಯೊಳಗೆ ಕೈ ಹಾಕಬೇಕು.

ಒಂದು ಮಧ್ಯಾಹ್ನ ಅವನು ಕ್ಯಾಂಟೀನಿಗೆ ಬಂದ. ಅಂಗಿಗೆ ಬಲತೋಳು ಇರಲಿಲ್ಲ.

"ರೋಲರ್ ಕೇಳ್ತು, ಕೊಟ್ಟುಬಿಟ್ಟೆ" ಎಂದು ನಗುತ್ತಾ ಕುಳಿತ. ಜೊತೆಯವರು ಮೇಜು ಬಡಿದು ನಗುತ್ತಿದ್ದರು. ಬಿಸಿ ರೋಲರಿನ ಹತ್ತಿರ ಹೋಗುವವರು ಉದ್ದ ತೋಳಿನ ಅಂಗಿಯನ್ನೇ ಹಾಕಬೇಕು, ಇಲ್ಲದಿದ್ದರೆ ಚರ್ಮ ಬೇಯುತ್ತದೆ. ಆ ತೋಳಿನ ತುದಿಯನ್ನು ರೋಲರು ಹಿಡಿದುಕೊಂಡಿತ್ತು. ಹಳೆಯ ಅಂಗಿ, ಭುಜದ ಹೊಲಿಗೆ ಬಿಟ್ಟಿತ್ತು, ತೋಳು ಕಿತ್ತುಕೊಂಡು ಒಳಗೆ ಹೋಯಿತು, ಕೈ ಹೊರಗೆ ಉಳಿಯಿತು. ನಾನು ಅವನ ಕೈ ಹಿಡಿದು ನೋಡಿದೆ. ಮೊಣಕೈಯವರೆಗೆ ಕೆಂಪು ಬರೆ ಎದ್ದಿತ್ತು. ಬೆರಳೆಲ್ಲ ಇದ್ದವು. ನನ್ನ ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ಬಿಸ್ಕತ್ತು ತಿನ್ನುತ್ತಾ ಕೇಳಿಸಿಕೊಂಡ.

ಅವಳು ಬೈಯಲಿಲ್ಲ. ಸಂಜೆ ಮನೆಗೆ ಬಂದು ಆ ಅಂಗಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತುಬಿಟ್ಟಳು. "ಈ ಹೊಲಿಗೆ ಬಿಟ್ಟಿದ್ದು ನಾನು ನೋಡಿದ್ದೆ ಅಕ್ಕಾ" ಎಂದಳು. "ರಜೆ ದಿನ ಹೊಲಿಯೋಣ ಅಂತ ತೆಗೆದಿಟ್ಟಿದ್ದೆ. ಹೇಗೋ ಮರೆತುಹೋಯ್ತು. ಇವ್ರು ಅದನ್ನೇ ಹಾಕ್ಕೊಂಡು ಹೋಗಿದ್ದಾರೆ." ಆಮೇಲೆ ನನ್ನ ಮುಖ ನೋಡಿದಳು. "ಹೊಲಿದಿದ್ರೆ?"

ಜೀವಮಾನವಿಡೀ ಒಂದು ಹೊಲಿಗೆಯನ್ನೂ ಬಾಕಿ ಉಳಿಸದವಳು. ಬಾಕಿ ಉಳಿದದ್ದು ಅದೊಂದೇ, ಅದೇ ಕೈಯನ್ನು ಉಳಿಸಿತ್ತು.

ಅವತ್ತು ಊಟಕ್ಕೆ ಕೂತಾಗ ಅವಳು ಅವನನ್ನು ಕೇಳಿದಳು. "ರೀ, ಒಂದೇ ಒಂದ್ಸಲ ಆಗಲ್ಲ ಅನ್ನಿ."

"ಯಾವ್ದು?"

"ನಾಳೆ ಬೆಳಿಗ್ಗೆ ಕರೀತಾರಲ್ಲ, ಏಳನೇ ರೋಲರಿಗೆ. ನನ್ನ ಕೈಲಿ ಆಗಲ್ಲ ಸಾರ್ ಅನ್ನಿ. ನೀವು ಆಗಲ್ಲ ಅಂದ್ರೆ ಅವ್ರು ನಿಲ್ಲಿಸ್ಲೇಬೇಕು. ನಾನು ನೂರು ಸಲ ಹೇಳಿದ್ರೂ ನಿಲ್ಲಿಸಲ್ಲ, ನೀವು ಒಂದ್ಸಲ ಹೇಳಿದ್ರೆ ನಿಲ್ಲುತ್ತೆ."

ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಆಗಲ್ಲ ಅಂತ ಹೇಗೆ ಹೇಳೋದು? ಆಗುತ್ತಲ್ಲ!"

"ಆಗುತ್ತೆ ಅಂತ ನಂಗೂ ಗೊತ್ತು ರೀ. ಅದಕ್ಕೇ ಕೇಳ್ತಿರೋದು."

"ಸುಳ್ಳು ಹೇಳು ಅಂತೀಯಾ?"

"ಹೌದು."

ಅವನು ನನ್ನ ಕಡೆ ನೋಡಿದ. ನಾನು ಅವನ ಪರ ನಿಲ್ಲುತ್ತೇನೆ ಎಂದುಕೊಂಡಿದ್ದ. "ಲೋ, ಹೇಳೋ" ಎಂದೆ. "ಒಂದು ಸುಳ್ಳು ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?" ಅವನು ತಟ್ಟೆಯಲ್ಲೇ ಕೈ ತೊಳೆದುಕೊಂಡು ಎದ್ದುಹೋದ. ಹೊರಗೆ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದು ಬಂದು, "ಆಯ್ತು ಬಿಡು, ಹೇಳ್ತೀನಿ" ಎಂದ. ಅವಳು ಅಳುತ್ತಾ ನಕ್ಕಳು. ನಾವಿಬ್ಬರೂ ಅವನಿಂದ ಏನನ್ನು ಕೇಳಿದೆವು ಎಂಬುದು ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಮರುದಿನ ಅವನನ್ನು ಮೀಟಿಂಗಿಗೇ ಕರೆಸಿದರು. ಬೇರಿಂಗ್ ಬೆಳಗಿನಿಂದಲೇ ಕಿರುಗುಡುತ್ತಿತ್ತು. ನಾನು ಲೋಟಗಳನ್ನು ಇಡುತ್ತಿದ್ದೆ. ಅವಳು ಹಲಗೆಯ ಪಕ್ಕ ನಿಂತಿದ್ದಳು.

"ಏನಪ್ಪ ಹುಲಿ, ಸ್ವಲ್ಪ ನೋಡ್ಬಿಡು" ಎಂದರು ಸಾಹೇಬರು.

"ನನ್ನ ಕೈಲಿ ಆಗಲ್ಲ ಸಾರ್."

ಸಾಹೇಬರು ತಮಾಷೆ ಎಂದುಕೊಂಡರು. ಇನ್ನೊಮ್ಮೆ ಕೇಳಿದರು. ಅವನು ನೆಲ ನೋಡುತ್ತಾ ಅದನ್ನೇ ಹೇಳಿದ. ಆ ಗೂಡಿನಲ್ಲಿ ಯಾರೂ ಚಹಾ ಮುಟ್ಟಲಿಲ್ಲ. ಸಾಹೇಬರು ಕನ್ನಡಕ ತೆಗೆದು ಅವನನ್ನು ನೋಡಿದರು, ಆಮೇಲೆ ಅವಳನ್ನು ನೋಡಿದರು. ನಿಲ್ಲಿಸುತ್ತಾರೆ ಎಂದುಕೊಂಡೆ ನಾನು. ಅವಳೂ ಹಾಗೆಯೇ ಅಂದುಕೊಂಡಿದ್ದಳು, ಒಂದು ಹೆಜ್ಜೆ ಮುಂದೆ ಬಂದಿದ್ದಳು. ಅಷ್ಟರಲ್ಲಿ ಸಾಹೇಬರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮಾತಾಡಿ ಮುಗಿಸಿ, ಎದ್ದು, ಬಿಲ್ಲೆಯನ್ನು ಪಕ್ಕದ ಮೊಳೆಗೆ ಹಾಕಿದರು. "ಸದ್ಯಕ್ಕೆ ಹಾಗೇ ಓಡ್ಲಿ" ಎಂದರು. "ಇವತ್ತಿನ ಲಾರಿ ಹೋಗ್ಲಿ, ಆಮೇಲೆ ನೋಡೋಣ."

ಎಣ್ಣೆ ಕಾಣದ ಬೇರಿಂಗ್ ಎಷ್ಟು ಹೊತ್ತು ತಡೆದೀತು? ಮಧ್ಯಾಹ್ನದ ಚಹಾದ ಹೊತ್ತಿಗೆ ತಿರುಗದೆ ಬಿಗಿದು ಹಿಡಿದುಕೊಂಡಿತು. ಕ್ಯಾಂಟೀನಿನ ನೆಲ ಅದುರಿತು, ಗಾಜಿನ ಲೋಟಗಳು ತಟ್ಟೆಯಿಂದ ಉರುಳಿದವು, ಆಮೇಲೆ ಏನೂ ಸದ್ದಿಲ್ಲ. ರೋಲರು ತನ್ನ ಜಾಗದಿಂದ ಕಿತ್ತುಬಂದು ಪಕ್ಕದ್ದರ ಮೇಲೆ ಬಿದ್ದಿತ್ತು. ಹೆಚ್ಚಿನವರು ಚಹಾಕ್ಕೆ ಬಂದಿದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ತಮ್ಮ ಅಲ್ಲಿ ಇದ್ದಿದ್ದರೆ ಎಂದು ನಾನು ಈಗಲೂ ಯೋಚಿಸಲು ಹೋಗುವುದಿಲ್ಲ.

ಒಂದು ಪಾಳಿ ನಿಲ್ಲಿಸಲು ಸಾಹೇಬರು ಒಪ್ಪದ ಯಂತ್ರ ವಾರಗಟ್ಟಲೆ ನಿಂತಿತು. ಹೊರಗಿನಿಂದ ದೊಡ್ಡ ಕಂಪನಿಯ ಜನ ಬಂದರು. ಹೊಸ ರೋಲರು, ಹೊಸ ಕೊಳವೆ, ಎಲ್ಲಾ ಹೊಸದು. ಮತ್ತೆ ಓಡಿದ ದಿನ ಗೇಟಿನಲ್ಲಿ ಕೇಕು ಕತ್ತರಿಸಿ ಫೋಟೋ ತೆಗೆದರು. ಇಂಥ ಕಷ್ಟದಲ್ಲೂ ಯಂತ್ರ ಎಬ್ಬಿಸಿದರೆಂದು ಸಾಹೇಬರಿಗೆ ಮೇಲಿನಿಂದ ಶಾಬಾಸ್‌ಗಿರಿ ಬಂತು. ಅವರು ಏಳನೇ ರೋಲರಿನ ಬಿಲ್ಲೆಯನ್ನು ತಾವೇ ತೆಗೆದು ಅವಳ ಕೈಗಿಟ್ಟು, "ನೋಡಿ ಮೇಡಂ, ನಿಮ್ಮ ಕೆಲ್ಸ ಆಯ್ತು" ಎಂದರು. ಅಣಕಿಸಿ ಹೇಳಿದ್ದಲ್ಲ. ನಿಜವಾಗಿಯೂ ಅವಳಿಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದರು.

ನಮ್ಮವನಿಗೆ ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಬಹುದಿತ್ತು. ಸುಮ್ಮನೆ ಕರೆಯುವುದನ್ನು ನಿಲ್ಲಿಸಿದರು. ಕ್ಯಾಂಟೀನಿನಲ್ಲಿ ಅವನ ಮೇಜು ಬೇಗ ಖಾಲಿಯಾಗುತ್ತಿತ್ತು. ಒಬ್ಬ ಕಿಡಿಗೇಡಿ, "ಹುಲಿಗೂ ವಯಸ್ಸಾಗುತ್ತಪ್ಪ, ಪಾಪ" ಎಂದ. ನಾನು ಸೌಟು ಎತ್ತಿಕೊಂಡು ಹೋದೆ, ಅವನು ಓಡಿಹೋದ. ಆದರೆ ಮಾತು ಓಡಿಹೋಗುತ್ತದೆಯೇ? ತಮ್ಮ ಕೇಳಿಸಿಕೊಂಡಿದ್ದ. ಲೋಟವನ್ನು ನಿಧಾನವಾಗಿ ಕೆಳಗಿಟ್ಟು ಹೊರಗೆ ನಡೆದ.

ಆಮೇಲೆ ಅವನನ್ನು ಹಗಲು ಪಾಳಿಗೆ, ಅವಳ ಕೈಕೆಳಗೇ ಹಾಕಿದರು. ಅವಳು ಬಿಲ್ಲೆ ನೇತುಹಾಕಿದ ಕಡೆ ಹೋಗಿ ಗ್ರೀಸ್ ಹಾಕುವುದು, ಫಿಲ್ಟರ್ ತೊಳೆಯುವುದು, ಬೆಲ್ಟು ನೋಡುವುದು. ನಿಂತ ಯಂತ್ರದ ಕೆಲಸ, ಅಪಾಯವಿಲ್ಲದ ಕೆಲಸ. ಅವಳು ಇಷ್ಟು ವರ್ಷ ಬೇಡಿಕೊಂಡದ್ದೂ ಅದನ್ನೇ. ಅವನು ಹೇಳಿದಷ್ಟನ್ನೂ ಅಚ್ಚುಕಟ್ಟಾಗಿ ಮಾಡುತ್ತಿದ್ದ. ಸಂಜೆ ಸರಿಯಾದ ಹೊತ್ತಿಗೆ ಮನೆಗೆ ಬರುತ್ತಿದ್ದ. ಕೈಯೆಲ್ಲ ಶುಭ್ರ. ಮಾತು ಮಾತ್ರ ಇರಲಿಲ್ಲ. ಉಪ್ಪು ಬೇಕಾದರೆ ನನ್ನನ್ನು ಕೇಳುತ್ತಿದ್ದ, ಉಪ್ಪು ಅವಳ ಪಕ್ಕದಲ್ಲೇ ಇರುತ್ತಿತ್ತು.

ಒಂದು ದಿನ ಅವಳು ಸ್ಟೋರಿನ ಹಳೆ ಸಾಮಾನಿನ ರಾಶಿಯಿಂದ ಆ ಒಡೆದ ಬೇರಿಂಗನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದಳು. ಅವನ ಮುಂದೆ ಇಟ್ಟಳು. ಒಳಗಿನ ಗುಂಡುಗಳು ನುಜ್ಜುಗುಜ್ಜಾಗಿ, ಉಂಗುರ ನೀಲಿಗಟ್ಟಿ ಸೀಳಿತ್ತು. "ನೋಡಿ ರೀ. ಇದು ಮುಗಿದೇ ಹೋಗಿತ್ತು. ಅವತ್ತು ನೀವು ಒಳಗೆ ಹೋಗಿದ್ರೆ ನಿಮ್ಮ ಕೈ ಇದರ ಹತ್ರ ಇರ್ತಿತ್ತು. ನೋಡಿ" ಎಂದಳು. ಹೇಗಾದರೂ ಅವನಿಗೆ ತಿಳಿಯಲಿ ಎಂದು ಅವಳಿಗೆ ಪ್ರಾಣ ಹೋಗುತ್ತಿತ್ತು.

ಅವನು ಅದನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಹೆಬ್ಬೆರಳಿನಿಂದ ಸೀಳನ್ನು ಸವರಿದ. ಬಹಳ ದಿನಗಳ ಮೇಲೆ ಅವಳ ಮುಖ ನೋಡಿ ಮಾತಾಡಿದ.

"ಇನ್ನೊಂದು ವಾರ ಓಡಿಸ್ತಿದ್ದೆ" ಎಂದ. "ನನ್ನ ಕೈಲಿ ಆಗ್ತಿತ್ತು."

ಅವಳು ಬೇರಿಂಗನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು. ಎರಡೂ ಕೈ ಗಟ್ಟಿಯಾಗಿರುವ ಗಂಡ ಎದುರಿಗೆ ಕೂತಿದ್ದಾನೆ, ಅದಕ್ಕಾಗಿ ಅವನಿಗೆ ಅವಳನ್ನು ಕ್ಷಮಿಸಲು ಆಗುತ್ತಿಲ್ಲ. ಇದಕ್ಕೆ ಯಾರು ಏನು ಮಾಡಬೇಕು? ನಾನು ಇಬ್ಬರಿಗೂ ಬೈದೆ. ಬೈದರೆ ಸರಿಹೋಗುವ ಹಾಗಿದ್ದರೆ ನನ್ನ ಬಾಯಿಗೆ ಊರೇ ಸರಿಹೋಗಿರುತ್ತಿತ್ತು. ಅವಳು ತೆಳ್ಳಗಾದಳು. ಮನೆಯ ನಲ್ಲಿ ತೊಟ್ಟಿಕ್ಕಲು ಶುರುವಾಯಿತು, ಅವಳು ಕೆಳಗೊಂದು ಬಕೆಟ್ ಇಟ್ಟಳು ಅಷ್ಟೆ. ಅವಳು ಬಕೆಟ್ ಇಟ್ಟದ್ದನ್ನು ನೋಡಿದ ದಿನ ನನಗೆ ನಿಜವಾಗಿ ಹೆದರಿಕೆಯಾಯಿತು.

ಇತ್ತ ಹಲಗೆಯ ಮೇಲೆ ಎಲ್ಲವೂ ಮೊದಲಿನ ಹಾಗೆಯೇ. ಏಳನೆಯದು ಹೊಸದಾಯಿತು, ಮೂರನೇ ರೋಲರು ಹಳೆಯದೇ ಉಳಿದಿತ್ತು. ಅದರ ಕೊಳವೆಯೂ ಕಟ್ಟುತ್ತಿತ್ತು. ಬಿಲ್ಲೆ ಬಂತು. "ಈಗ ತಾನೇ ವಾರಗಟ್ಟಲೆ ನಿಂತು ಹೋದ ಯಂತ್ರ ಮೇಡಂ, ಮತ್ತೆ ನಿಲ್ಲಿಸು ಅಂದ್ರೆ ಯಾವ ಮುಖ ಇಟ್ಕೊಂಡು ಮೇಲೆ ಹೇಳ್ಲಿ?" ಎಂದರು ಸಾಹೇಬರು. ಬಿಲ್ಲೆ ಪಕ್ಕದ ಮೊಳೆಗೆ ಹೋಯಿತು. ಆಮೇಲೆ ಅದರ ಪಕ್ಕದ ಮೊಳೆಗೆ.

ವಾರದ ರಜೆಯ ಒಂದು ಮಧ್ಯಾಹ್ನ. ನಮ್ಮ ಮನೆ ಫ್ಯಾಕ್ಟರಿಯ ಗೋಡೆಗೆ ಅಂಟಿಕೊಂಡ ಸಾಲಿನಲ್ಲಿದೆ, ಯಂತ್ರದ ಗುಂಯ್ ಸದ್ದು ಸದಾ ಇರುತ್ತದೆ, ಕಪಾಟಿನ ಸ್ಟೀಲ್ ತಟ್ಟೆಗಳು ಸಣ್ಣಗೆ ಜುಮುಗುಡುತ್ತಿರುತ್ತವೆ. ತಮ್ಮ ಕಿಟಕಿಯ ಬಳಿ ಪಕ್ಕದ ಮನೆಯವರ ಫ್ಯಾನು ಬಿಚ್ಚಿಕೊಂಡು ಕೂತಿದ್ದ. ಅವಳಿಗೆ ಫೋನು ಬಂತು. ಸಾಹೇಬರು. ಅವರ ದನಿ ನನಗೇ ಕೇಳಿಸುವಷ್ಟು ಜೋರಾಗಿತ್ತು.

"ಮೇಡಂ, ಮೂರನೇ ರೋಲರು ಕೂಗ್ತಾ ಇದೆ. ಇಲ್ಲಿರೋರು ಯಾರೂ ಒಳಗೆ ಹೋಗೋಕೆ ಒಪ್ತಿಲ್ಲ. ಹುಲಿ ಮನೇಲಿದ್ದಾನಾ?"

ಅವಳು ಫೋನನ್ನು ಎದೆಗೆ ಒತ್ತಿಕೊಂಡಳು. ತಮ್ಮನ ಕೈ ಫ್ಯಾನಿನ ಮೇಲೆ ನಿಂತುಹೋಗಿತ್ತು. ತಲೆ ಎತ್ತಿರಲಿಲ್ಲ, ಆದರೆ ಕಿವಿ ಇತ್ತಲೇ ಇತ್ತು. ನಾನು ಅವಳಿಗೆ ಕೈಸನ್ನೆ ಮಾಡಿದೆ, ಇಲ್ಲ ಅನ್ನು, ಊರಲ್ಲಿಲ್ಲ ಅನ್ನು. ಅವಳು ನನ್ನನ್ನು ನೋಡಲೇ ಇಲ್ಲ. ಅವನನ್ನೇ ನೋಡುತ್ತಿದ್ದಳು.

"ಆಗುತ್ತಾ ನಿಮ್ಮ ಕೈಲಿ?" ಎಂದು ಕೇಳಿದಳು.

ಅವನು ತಲೆ ಎತ್ತಿದ. ಆ ಮುಖವನ್ನು ನಾನು ಹೇಗೆ ಹೇಳಲಿ? ಚಿಕ್ಕಂದಿನಲ್ಲಿ ಜ್ವರ ಬಿಟ್ಟ ದಿನ ಹೊರಗೆ ಆಡಲು ಹೋಗಲಾ ಎಂದು ಅಮ್ಮನನ್ನು ಕೇಳುವಾಗ ಹೀಗೇ ಇರುತ್ತಿದ್ದ.

"ಆಗುತ್ತೆ" ಎಂದ.

"ಬರ್ತಾರೆ ಸಾರ್" ಎಂದಳು ಅವಳು ಫೋನಿಗೆ.

ಅವನು ಹಾರಿಕೊಂಡು ಎದ್ದ. ಫ್ಯಾನಿನ ತಿರುಪುಗಳು ನೆಲದ ತುಂಬ ಉರುಳಿದವು. ಅಂಗಿ ಹಾಕಿಕೊಂಡ, ಬೂಟಿಗೆ ಕಾಲು ತೂರಿಸಿದ, ಉದ್ದನೆಯ ಸ್ಕ್ರೂಡ್ರೈವರನ್ನು ಬಾಗಿಲ ಹಿಂದಿನಿಂದ ತೆಗೆದುಕೊಂಡ. ಬಾಗಿಲಲ್ಲಿ ತಿರುಗಿ, "ಬರ್ತೀನಿ ಕಣೇ" ಎಂದ. ಅವಳಿಗೇ ಹೇಳಿದ್ದು.

ಅವನು ಹೋದ ಮೇಲೆ ಅವಳು ಕಪಾಟಿನ ಪಕ್ಕದ ಗೋಡೆಗೆ ಒರಗಿ ಕೂತಳು. ತಟ್ಟೆಗಳು ಜುಮುಗುಡುತ್ತಲೇ ಇದ್ದವು. "ಅಕ್ಕಾ, ಇಷ್ಟು ದಿನ ಈ ಸದ್ದು ನಿಲ್ಲಲಿ ನಿಲ್ಲಲಿ ಅಂತಿದ್ದೆ" ಎಂದಳು. "ಈಗ ನಿಂತ್ರೆ ಏನಾಯ್ತು ಅಂತ ಅರ್ಥ?" ನಾನು ಹೋಗಿ ಅವಳ ಪಕ್ಕ ಕೂತೆ. ಇಬ್ಬರೂ ಆ ತಟ್ಟೆಗಳನ್ನು ಕೇಳುತ್ತಾ ಕೂತೆವು. ನಿಲ್ಲದಿರಲಿ ನಿಲ್ಲದಿರಲಿ ಎಂದು ಬೇಡಿಕೊಂಡೆ, ನಾನು, ಆ ಯಂತ್ರಕ್ಕೆ ಹಿಡಿಶಾಪ ಹಾಕಿದವಳು.

ನಿಲ್ಲಲಿಲ್ಲ. ಸಂಜೆ ಅವನು ಬಂದ, ಮೈಯೆಲ್ಲ ಮಸಿ, ಹಲ್ಲು ಬಿಳಿ. ಹಸಿವು ಹಸಿವು ಎಂದು ಕೂಗುತ್ತಾ ಬಂದ. ಹೇಗೆ ನುಗ್ಗಿದೆ, ಯಾವ ಬೋಲ್ಟು ಹೇಗೆ ಸಿಕ್ಕಿತು, ಸಾಹೇಬರು ಹೇಗೆ ಬೆನ್ನು ತಟ್ಟಿದರು, ಎಲ್ಲವನ್ನೂ ಅವಳಿಗೆ ಹೇಳಿದ. ಅವಳು ಚೊಂಬಿನಿಂದ ಅವನ ಕೈಗೆ ನೀರು ಹಾಕುತ್ತಾ ಒಂದೊಂದೇ ಬೆರಳನ್ನು ನೋಡುತ್ತಿದ್ದಳು. ಊಟದಲ್ಲಿ, "ಉಪ್ಪು ಕೊಡೇ" ಎಂದ. ಕೊಟ್ಟಳು.

ಮರುದಿನ ನಾನು ಚಹಾ ಹಿಡಿದು ಹೋದಾಗ ಮೀಟಿಂಗ್ ನಡೆಯುತ್ತಿತ್ತು. ಮೂರನೇ ರೋಲರಿನ ಸರದಿ ಬಂತು. ಸಾಹೇಬರು ಕುರ್ಚಿಯ ಹಿಡಿಕೆಗೆ ಕೈ ಊರಿ ಏಳಲು ಹೊರಟರು. ಅದಕ್ಕೆ ಮೊದಲೇ ಅವಳು ಹಲಗೆಯ ಹತ್ತಿರ ಹೋದಳು. ಬಿಲ್ಲೆಯನ್ನು ತೆಗೆದಳು, ಪಕ್ಕದ ಮೊಳೆಗೆ ತಾನೇ ಹಾಕಿದಳು. ಸಾಹೇಬರು ಅರ್ಧ ಎದ್ದವರು ಹಾಗೆಯೇ ಕೂತರು. "ಥ್ಯಾಂಕ್ಸ್ ಮೇಡಂ" ಎಂದರು.

ಅದರ ಮುಂದಿನ ರಜೆಯ ದಿನ ಅವಳು ಮನೆಯ ನಲ್ಲಿಗೆ ವಾಷರ್ ಹಾಕಿದಳು. ಆಮೇಲೆ ಗಂಡನ ಕೆಲಸದ ಅಂಗಿಗಳನ್ನೆಲ್ಲ ತಂದು ರಾಶಿ ಹಾಕಿಕೊಂಡು, ಬ್ಲೇಡು ಹಿಡಿದು ಕೂತಳು. ಹೊಲಿಯುತ್ತಿದ್ದಾಳೆ ಎಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಬಿಚ್ಚುತ್ತಿದ್ದಾಳೆ. ಭುಜದ ಹತ್ತಿರ ಗಟ್ಟಿ ಹೊಲಿಗೆಯನ್ನು ಎಳೆ ಎಳೆಯಾಗಿ ಕತ್ತರಿಸಿ, ತೋಳು ನಿಲ್ಲುವಷ್ಟು ಮಾತ್ರ ಅಲ್ಲಲ್ಲಿ ಉಳಿಸಿ, ಎಳೆದರೆ ಕಿತ್ತುಬರುತ್ತದೆಯೋ ಎಂದು ಜಗ್ಗಿ ನೋಡುತ್ತಿದ್ದಳು. ಹೊಸ ಅಂಗಿಯನ್ನೂ ಬಿಟ್ಟಿರಲಿಲ್ಲ.

"ಏನಮ್ಮಾ ಇದು?" ಎಂದೆ, ತಿಳಿದೂ.

ಅವಳು ತಲೆ ಎತ್ತಲಿಲ್ಲ. ಇನ್ನೊಂದು ಅಂಗಿ ಎತ್ತಿಕೊಂಡಳು.

"ಇದೊಂದು ನನ್ನ ಕೈಲಿ ಆಗುತ್ತೆ ಅಕ್ಕಾ" ಎಂದಳು.